ಕಲ್ಲೊಳಗಿನ ಮೀನಿನ ಕಣ್ಣು

ಲೋ ತಮ್ಮಾ, ಅಪ್ಪನ ಹತ್ತಿರ ಆಸ್ಪತ್ರೆಗೆ ಹೊರಟೆ.

ಕಂಪ್ರೆಸರ್ ಹಿತ್ತಲಲ್ಲಿ ಇಡಿಸಿದೀನಿ, ಪೈಪು ಕಿಟಕಿಯಿಂದ ಒಳಗೆ ತಂದಿದೀನಿ. ಧೂಳು ಎಳೆಯೋ ಮಷೀನು ಹಾಕದೆ ಕಲ್ಲು ಕೆತ್ತೋ ಏರ್ ಪೆನ್ನು ಮುಟ್ಟಬೇಡ. ಮಾಸ್ಕು ಮೊಳೆಗೆ ನೇತಾಕಿದೀನಿ. ಕನ್ನಡಕ ಮಂಜಾಗುತ್ತೆ ಅಂತ ಅಪ್ಪನ ಹಾಗೆ ನೆಪ ತೆಗೀಬೇಡ. ಸದ್ದಿಗೆ ಪಕ್ಕದವರು ಬೈತಾರೆ ಅಂತ ಅಪ್ಪ ಇಪ್ಪತ್ತು ವರ್ಷ ಕಿಟಕಿ ಮುಚ್ಕೊಂಡೇ ಕೆತ್ತಿದ್ರು. ಆ ಧೂಳೆಲ್ಲ ಈಗ ಎದೆಯಲ್ಲಿ ಕೂತಿದೆ. ಪಕ್ಕದವರು ಬೈದ್ರೆ ನೀನು ಬೈಸ್ಕೋ, ಕಿಟಕಿ ಮಾತ್ರ ಮುಚ್ಬೇಡ.

ಮೇಜಿನ ಮೇಲೆ ಅವರ ಪಳೆಯುಳಿಕೆ ಮೀನಿದೆ, ತಲೆಯಷ್ಟೇ ಇನ್ನೂ ಕಲ್ಲಲ್ಲಿದೆ. "ಕಣ್ಣು ಬಂತಾ?" ಅಂತ ದಿನಾ ಕೇಳ್ತಾರೆ. ನಿನ್ನೆ ತಡೀಲಾರದೆ "ಬಂತಪ್ಪಾ, ತಮ್ಮ ಬಿಡಿಸಿದ" ಅಂದ್ಬಿಟ್ಟೆ. ಇವತ್ತು ಫೋಟೋ ತೋರಿಸು ಅಂದಿದಾರೆ. ನಾಳೆಯ ಮಾತು ಡಾಕ್ಟರೂ ಆಡ್ತಿಲ್ಲ.

ಅವಸರ ಮಾಡ್ಬೇಡ, ಕಣ್ಣು ಒಡೆದುಹೋಗುತ್ತೆ. ಆದ್ರೂ ಬೇಗ ಮಾಡೋ.

ಅಕ್ಕ