ಪುತಳಾಬಾಯಿ ಹೇಳದ ಹೆಸರು

ಕಲಬುರ್ಗಿ, ೧೯ ಜನವರಿ ೧೯೨೬, ಮಂಗಳವಾರ

ಕಚೇರಿಯ ಕಾಗದ ಇನ್ನೂ ಖಾಲಿಯಾಗಿಯೇ ಇದೆ. ಒಂದು ಹೆಸರಿಗಾಗಿ ನಿನ್ನೆ ಚಕ್ಕಡಿಯಲ್ಲಿ ಕಮಲಾಪುರಕ್ಕೆ ಹೋಗಿ ಇವತ್ತು ಬಂದೆ. ಸೊಂಟ ಹಿಡಿದುಕೊಂಡಿದೆ.

ನಮ್ಮ ರಿಯಾಸತ್ತಿನಿಂದ ದೊಡ್ಡ ಲಡಾಯಿಗೆ ಹೋಗಿ ಸತ್ತ ಕುದುರೆ ಸವಾರರ ಹೆಸರು ಕೆತ್ತಿ ಈಜಿಪ್ತಿನಲ್ಲಿ ಕಲ್ಲು ನಿಲ್ಲಿಸುತ್ತಾರಂತೆ. ಹೆಣ ಸಿಗದವರ ಹೆಸರನ್ನು ಮನೆಯವರ ಬಾಯಿಂದಲೇ ಕೇಳಿ, ಉರ್ದುವಿನಲ್ಲಿ ಬರೆದು ಕಳಿಸಬೇಕೆಂದು ಗುಮಾಸ್ತನಾದ ನನಗೆ ಕಚೇರಿಯ ಹುಕುಂ. ಕಮಲಾಪುರದಿಂದ ಹೋದ ಸವಾರನ ಮನೆಯಲ್ಲಿ ಉಳಿದವಳು ಹೆಂಡತಿ ಪುತಳಾಬಾಯಿ ಒಬ್ಬಳೇ.

“ನಿಮ್ಮ ಮನಿಯವರ ಹೆಸರು ಹೇಳವಾ, ತಂಗಿ,” ಎಂದೆ.

ಸೆರಗು ಮುಂದಕ್ಕೆಳೆದುಕೊಂಡಳು. “ಗಂಡನ ಹೆಸರು ಹ್ಯಾಂಗ ತಗೊಳ್ಳಲಿರಿ? ತಗೊಂಡ್ರ ಅವರ ಆಯುಷ್ಯ ಕಮ್ಮಿ ಆಗ್ತದಲ್ರಿ.”

“ಮಲ್ಕಪ್ಪ ಅಂತ ನಾನೇ ಅಂತೀನಿ. ನೀ ಹೂಂ ಅಂದ್ರ ಸಾಕು.”

ಹೂಂ ಕೂಡ ಅನ್ನಲಿಲ್ಲ. “ಅವರು ಬಂದ ಮ್ಯಾಲ ಅವರನ್ನೇ ಕೇಳ್ರಿ,” ಅಂದಳು.

ಆಗ ಅವಳ ಕೈ ನೋಡಿದೆ. ಅವನು ಲಡಾಯಿಯಲ್ಲಿ ಕಾಣೆಯಾದ ಒಂಬತ್ತು ವರ್ಷದ ಮೇಲೂ ಮುತ್ತೈದೆಯ ಹಸಿರು ಬಳೆ. ಕಾಗದ ಮಡಚಿಕೊಂಡು ಎದ್ದೆ. ದಾರಿಗೆಂದು ನಾಲ್ಕು ಕೆಂಪು ಬಾಳೆಹಣ್ಣು ಕೊಟ್ಟಳು. ತಿನ್ನುವ ಮನಸ್ಸಾಗದೆ ಹಾಗೇ ಇವೆ.

ನಾಳೆ ಕಾಗದ ಕೊಡದೆ ಗತಿಯಿಲ್ಲ. ಹೆಸರು ಊರಿಗೆಲ್ಲ ಗೊತ್ತು, ನಾನೇ ಬರೆದರಾಯಿತು. ಬರೆಯದಿದ್ದರೆ ಆ ಕಲ್ಲಿನ ಮೇಲೂ ಅವನಿಲ್ಲ. ಬರೆದರೆ, ಅವಳು ಇಷ್ಟು ವರ್ಷ ಬಾಯಿ ಬಿಗಿಹಿಡಿದು ಉಳಿಸಿದ್ದನ್ನು ನನ್ನ ಲೇಖನಿ ಮುಗಿಸಿಬಿಡುತ್ತದೆ.

ಸಾಕಾಗಿದೆ. ಅವನ ಹೆಸರಿನ ಮೊದಲ ಅಕ್ಷರ, ಉರ್ದುವಿನ ‘ಮೀಮ್’ ಒಂದನ್ನು ಬರೆದು ಕೂತಿದ್ದೇನೆ. ಅಷ್ಟಕ್ಕೇ ಎಷ್ಟು ಆಯುಷ್ಯ ಹೋಯಿತೋ.