ತಂಗಿಗೆ ಕೊಟ್ಟ ಕನ್ನಡಕ

ಮಾರ್ಚ್ ೧೨, ಗುರುವಾರ

"ನಾನಿಲ್ವಾ" ಅಂದಿದ್ದೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಣಂತಿ ತಂಗಿ ಸೋಮವಾರ, "ಅಣ್ಣಾ, ತಲೆ ಸಿಡೀತಿದೆ, ಕಣ್ಣೆಲ್ಲ ಮಂಜು" ಅಂದಳು. ಕನ್ನಡಕದ ಅಂಗಡಿಯವನಾದ ನನಗೆ ಬೇರೇನು ಹೊಳೆದೀತು? ಮನೆಯ ಕೆಳಗಿನ ಅಂಗಡಿಯಲ್ಲೇ ಕೂರಿಸಿ ಅಕ್ಷರ ಓದಿಸಿದೆ. ತಡವರಿಸಿದಳು. ನಂಬರ್ ಬಂದಿದೆ ಎಂದು ಚೆಂದದ ಫ್ರೇಮಿಗೆ ನಾನೇ ಗಾಜು ಕೂರಿಸಿಕೊಟ್ಟು ಬೀಗಿದೆ. ಡಾಕ್ಟರಿಗೆ ತೋರಿಸೋಣ್ವಾ ಎಂದು ಅಮ್ಮ ಕೇಳಿದಾಗಲೇ ಆ "ನಾನಿಲ್ವಾ" ಬಾಯಿಂದ ಬಂದದ್ದು.

ಇವತ್ತು ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತಿದ್ದ ಹಾಗೇ ಅವಳಿಗೆ ಫಿಟ್ಸ್ ಬಂತು. ಕನ್ನಡಕ ಮೂಗಿನ ಮೇಲೇ ಇತ್ತು.

"ಬಿಪಿ ವಿಪರೀತ ಏರಿದೆ. ಹೆರಿಗೆ ಆದ್ಮೇಲೂ ಹೀಗಾಗತ್ತೆ. ತಲೆನೋವು ಅಂದ ದಿನಾನೇ ಕರ್ಕೊಂಡು ಬರ್ಬೇಕಿತ್ತು" ಅಂದರು ಆಸ್ಪತ್ರೆಯಲ್ಲಿ ಡಾಕ್ಟರಮ್ಮ. ಅಮ್ಮ ನನ್ನ ಕಡೆ ತಿರುಗಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸಂಜೆ ಬಿಪಿ ಇಳಿದು ತಂಗಿ ಕಣ್ಣು ಬಿಟ್ಟಳು. ತಲೆ ತಗ್ಗಿಸಿ ನಿಂತಿದ್ದ ನನ್ನ ಮುಂದೆ ಕೈಚಾಚಿ ಕನ್ನಡಕ ಕೇಳಿದಳು. ಹಾಕಿಕೊಂಡು, "ಈಗ ಚೆನ್ನಾಗಿ ಕಾಣ್ತಿದೆ ಅಣ್ಣಾ" ಅಂದಳು.

ನನ್ನ ಮಾನ ಉಳಿಸಲು ಹೇಳಿದ್ದು. ಅವಳ ಕಣ್ಣಿನಲ್ಲಿ ದೋಷವೇ ಇರಲಿಲ್ಲ; ಮಂಜು ಕವಿಸಿದ್ದು ಬಿಪಿ. ಆ ಗಾಜಿನಲ್ಲಿ ನನ್ನ ಮುಖವೂ ಅವಳಿಗೆ ಸರಿಯಾಗಿ ಕಂಡಿರಲಾರದು. ಕಾಣದಿದ್ದದ್ದೇ ಒಳ್ಳೆಯದಾಯಿತು.