ಕೊಟ್ಟಿಗೆ ಸೂರಿನ ಲೋಟ

ಚನ್ನರಾಯಪಟ್ಟಣ
ಸೋಮವಾರ, 10 ಫೆಬ್ರವರಿ 2025

ಗೆಳೆಯ ಪುಟ್ಟರಾಜುಗೆ,

ಮೊದಲಿನ ಹಾಗೆ ‘ಲೇ’ ಅನ್ನಲು ಇವತ್ತು ಧೈರ್ಯವಿಲ್ಲ. ಹಾಸನದಲ್ಲಿ ನೀನು, ನಿನ್ನ ಹೆಂಡತಿ, ಪಾಪು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಒಂದು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಒಂದೇ ಟಿಕ್ಕು. ಕಾಗದವನ್ನಾದರೂ ಹರಿಯುವ ಮುಂಚೆ ಓದುತ್ತೀಯ ಅಂತ ಆಸೆ.

ಟೈರ್ ಅಂಗಡಿ ಬಿಟ್ಟೆ. ಈಗ ಇಲ್ಲಿನ ತೆಂಗಿನಕಾಯಿ ಮಂಡಿಯಲ್ಲಿದ್ದೇನೆ. ಇಲ್ಲೂ ಎಷ್ಟು ದಿನವೋ, ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ನಿನಗೇ ಗೊತ್ತು. ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಇಂಗ್ಲಿಷ್ ನೋಡಿದವನು ನೀನು, ನಗಬೇಡ.

ಹೋದ ವಾರ ಹಂಸ ಮಿಸ್ ಅಮೆರಿಕದ ಪಾಠ ಮಾಡಿದರು. ಅಲ್ಲಿ ಹಿಂದೆ ಕರಿಯರನ್ನು ಹೋಟೆಲಿನಲ್ಲಿ ಕೂರಿಸುತ್ತಿರಲಿಲ್ಲವಂತೆ. ಒಂದು ದಿನ ಅವರ ಹುಡುಗರು ಹೋಗಿ ಕೂತೇ ಬಿಟ್ಟರಂತೆ. ತಲೆಯ ಮೇಲೆ ಸಕ್ಕರೆ ಸುರಿದರೂ ಏಳಲಿಲ್ಲವಂತೆ.

“ನಿಮ್ಮೂರಲ್ಲಿ ಇಂಥದ್ದು ಇದೆಯಾ?” ಅಂತ ಮಿಸ್ ಕೇಳಿದರು.

ನಾನೇ ಮೊದಲು ಎದ್ದೆ. “ನೋ ಮಿಸ್. ಇನ್ ಮೈ ವಿಲೇಜ್ ಆಲ್ ಆರ್ ಸೇಮ್.”

“ವೆರಿ ಗುಡ್!” ಅಂದರು. ನನಗೆ ಹಾಗಂದಿದ್ದು ಅದೇ ಮೊದಲು. ಆಮೇಲೆ ‘ನನ್ನ ಕನಸಿನ ಊರು’ ಅಂತ ಐದು ವಾಕ್ಯ ಬರೆದು ತರಲು ಹೇಳಿದರು.

ನಿನ್ನೆ ಊರಿಗೆ, ಹಳ್ಳಿಮೈಸೂರಿಗೆ ಹೋಗಿದ್ದೆ. ನಿಮ್ಮವ್ವ ನಮ್ಮ ಹೊಲಕ್ಕೆ ಶುಂಠಿ ಕೀಳಲು ಬಂದಿದ್ದರು. ನಮ್ಮ ಹಿತ್ತಲಲ್ಲಿ ಟೀ ಕುಡಿದು, ಲೋಟವನ್ನು ತಾವೇ ತೊಳೆದು, ಕೊಟ್ಟಿಗೆ ಸೂರಿಗೆ ಸಿಕ್ಕಿಸಿದರು. ನಿಮ್ಮ ಕೇರಿಯವರು ಯಾರೇ ಬಂದರೂ ಅದೊಂದೇ ಲೋಟ, ಅದು ಒಳಗೆ ಬರುವುದಿಲ್ಲ. ಈ ಪದ್ಧತಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಿನ್ನೆ ಮಾತ್ರ ಆ ‘ವೆರಿ ಗುಡ್’ ಕಿವಿಯಲ್ಲಿ ಕುಟುಕಿತು. ಲೋಟ ತೆಗೆದು ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಮಿಕ್ಕ ಲೋಟಗಳ ಜೊತೆ ಇಟ್ಟೆ.

ನಮ್ಮವ್ವ ಬಂದವಳೇ ಅದನ್ನೇ ಎತ್ತಿದಳು. “ಲೇ ಕಾಂತ, ಇದ್ನ ಯಾಕ್ಲಾ ಒಳೀಕ್ ತಂದೆ?”

“ಎಲ್ಲಾ ಸ್ಟೀಲೇ ಅಲ್ವೇನವ್ವ?”

“ಮೂರ್ ದಿನ ಇಂಗ್ಲೀಸ್ ಕಲ್ತ್ಬುಟ್ಟು ನಂಗೇ ಪಾಠ ಯೋಳ್ತೀಯಾ?”

ಜಗಲಿಯಿಂದ ಅಪ್ಪ ಕೂಗಿದ: “ಒಂದ್ ಕೆಲ್ಸದಲ್ಲಿ ಮೂರ್ ತಿಂಗ್ಳು ನಿಲ್ಲಕಿಲ್ಲ, ಊರ್ ತಿದ್ದಾಕ್ ಒಂಟವ್ನೆ ಕಣಮ್ಮಿ!”

ಲೋಟವನ್ನು ಅವ್ವನ ಕೈಯಿಂದ ಕಿತ್ತು ಚೀಲಕ್ಕೆ ಹಾಕಿಕೊಂಡು, ಊಟವನ್ನೂ ಮಾಡದೆ ಬಸ್ ಹತ್ತಿದೆ.

ಇವತ್ತು ಕ್ಲಾಸಿನಲ್ಲಿ ಎದ್ದು, “ಮಿಸ್, ಐ ಟೋಲ್ಡ್ ಲೈ” ಅಂದೆ. ಲೋಟವನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಮಿಸ್ ಅದನ್ನು ತಿರುಗಿಸಿ ನೋಡಿ, “ಇದರ ಮೇಲೆ ಕೊರೆದಿರೋ ಹೆಸರು ಯಾರದು?” ಅಂದರು. ನಾನು ಬರೆದು ತಂದಿದ್ದ ಹಾಳೆಯನ್ನು ಮುಂದಿಟ್ಟೆ. ಐದು ವಾಕ್ಯದಲ್ಲಿ ಒಂದನ್ನೇ ಬರೆದಿದ್ದೆ: ನನ್ನ ಗೆಳೆಯ ಮುಂಬಾಗಿಲಿನಿಂದ ಬಂದು ನಮ್ಮ ನಡುಮನೆಯಲ್ಲಿ ಕೂರುತ್ತಾನೆ.

ಪಾಪುಗೆ ಒಳ್ಳೆಯದಾಗಲಿ. ನೀವೆಲ್ಲ ತಣ್ಣಗಿರಿ.

ನಿನ್ನ
ಕಾಂತರಾಜು

ವಿ.ಸೂ.: ಆ ಲೋಟ ನಾವು ಹೊಸ ಮನೆಗೆ ಒಕ್ಕಲಾದ ದಿನ ನೀನು ನಿನ್ನ ಹೆಸರು ಹಾಕಿಸಿ ತಂದುಕೊಟ್ಟಿದ್ದೇ. ಹೋದ ವರ್ಷ ನಿಮ್ಮವ್ವನ ಜೊತೆ ನೀನೂ ಶುಂಠಿ ಕೀಳಲು ಬಂದಾಗ ಅದರಲ್ಲೇ ನಿನಗೆ ಟೀ ಕೊಟ್ಟರು. ನೀನು ಹೆಸರು ನೋಡಿದೆ, ಪೂರ್ತಿ ಕುಡಿದೆ, ತೊಳೆದಿಟ್ಟು ಹೋದವನು ಮತ್ತೆ ಬರಲಿಲ್ಲ. ಇದೆಲ್ಲ ಅವ್ವನ ಕೆಲಸ ಅಂದುಕೊಂಡಿರುತ್ತೀಯ. ಒಕ್ಕಲಿನ ಮಾರನೆಯ ದಿನ “ಇದ್ನ ಎಲ್ಲಿಕ್ಕನ್ಲಾ?” ಅಂತ ಅವಳು ನನ್ನನ್ನೇ ಕೇಳಿದ್ದಳು. ಸೂರಿಗೆ ಸಿಕ್ಕಿಸಿದವನು ನಾನು.